ರೇಡಿಯೋಗೆ ಎದುರುತ್ತರ ಕೊಡುತ್ತಿದ್ದ ನೀಲಮ್ಮನವರು

ನೀಲಮ್ಮನವರು ರೇಡಿಯೋಗೆ ಎದುರುತ್ತರ ಕೊಡುತ್ತಿದ್ದರು. ಮೆಲ್ಲಗಲ್ಲ, ಬೀದಿಯ ಆಚೆ ತುದಿಗೂ ಕೇಳಿಸುವಂತೆ. ನಾನು ಶಿಕಾರಿಪುರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ಬೀದಿಗೆಲ್ಲ ಇದ್ದದ್ದು ಮಾವನವರ ಬ್ಯಾಟರಿ ರೇಡಿಯೋ ಒಂದೇ. ಸೋಮವಾರ ಸಂಜೆ ಹೂತೋಟದ ಕಾರ್ಯಕ್ರಮ ಬರುವ ಹೊತ್ತಿಗೆ ಜಗಲಿ ತುಂಬಿಹೋಗುತ್ತಿತ್ತು. ಕಂಬದ ಪಕ್ಕದ ಜಾಗ ಮಾತ್ರ ಪಕ್ಕದ ಮನೆಯ ನೀಲಮ್ಮನವರದು.

ಗುಲಾಬಿಗೆ ಹೇನು ಬಿದ್ದರೆ ಸೋಪಿನ ನೀರು ಚಿಮುಕಿಸಿ ಎಂದು ರೇಡಿಯೋದವರು ಹೇಳಿದರೆ ಸಾಕು, "ಅಯ್ಯ ನಿನ್ನ! ನಮ್ಮ ಮೈಗೇ ಸೋಪಿಲ್ಲ, ಹೇನಿಗೆ ಸೋಪು ಹಚ್ಬೇಕಾ?" ಎನ್ನುವರು. ಗಂಡಸರು ಗೊಬ್ಬರದ ಬಗ್ಗೆ ತಮ್ಮತಮ್ಮಲ್ಲೇ ವಾದಕ್ಕಿಳಿಯುವರು, ಹೆಂಗಸರು ತಮ್ಮ ದಾಸವಾಳದ ಗೋಳು ತೆಗೆಯುವರು. ಮಾವನವರಿಗೆ ರೇಗುತ್ತಿತ್ತು.

"ನೀಲಮ್ಮಾರೆ, ಒಂದೀಟು ಕೇಳಾಕೆ ಬಿಡ್ರಿ."

"ಅವಂಗೆ ಕೇಳ್ಸಂಗಿಲ್ಲ ಅಂತ ನಂಗೂ ಗೊತ್ತೈತ್ರಿ. ಆದ್ರೆ ಹೇಳ್ದಿದ್ರೆ ನಂಗೆ ಊಟ ಸೇರಂಗಿಲ್ಲ."

ಇಷ್ಟು ಬಾಯಿಯಿದ್ದ ಹೆಂಗಸು ಒಂದು ವಿಷಯಕ್ಕೆ ಮಾತ್ರ ಮೌನವಾಗಿಬಿಡುತ್ತಿದ್ದರು. ಅವರ ಒಬ್ಬಳೇ ಮಗಳು ಪಾರ್ವತಿಯನ್ನು ಸೊರಬದ ಕಡೆ ಉಳವಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಹೆಣ್ಣುಮಗುವನ್ನು ಹೆತ್ತು ತೀರಿಕೊಂಡಳು. ಬೀಗಿತ್ತಿ ಬಂದು, "ನಿಮ್ಮನ್ನ ನಂಬಿ ಸೊಸೇನ ಕಳ್ಸಿದ್ವಿ" ಎಂದಷ್ಟೇ ಹೇಳಿ ಮಗುವನ್ನೆತ್ತಿಕೊಂಡು ಹೋದರಂತೆ. ಆಮೇಲೆ ನೀಲಮ್ಮನವರು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ, ಮೊಮ್ಮಗಳ ಮುಖ ನೋಡಿರಲಿಲ್ಲ. ಹಿತ್ತಲಲ್ಲಿ ಪಾರ್ವತಿ ನೆಟ್ಟ ದುಂಡುಮಲ್ಲಿಗೆ ಇತ್ತು. ಅದರ ಒಂದು ಎಲೆ ಮುಟ್ಟಲೂ ಯಾರಿಗೂ ಬಿಡುತ್ತಿರಲಿಲ್ಲ.

ಒಂದು ಸೋಮವಾರ ರೇಡಿಯೋದವರು ಮಲ್ಲಿಗೆಯ ವಿಷಯ ಎತ್ತಿದರು. "ತಾಯಿಗಿಡದ ಕೊಂಬೆಯೊಂದನ್ನು ಮೆಲ್ಲನೆ ನೆಲಕ್ಕೆ ಬಾಗಿಸಿ, ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಡಿ. ಬೇರು ಬಿಟ್ಟ ಮೇಲೆ ಕತ್ತರಿಸಿ ಬೇರೆಡೆ ನೆಡಿ. ತಾಯಿಗಿಡಕ್ಕೆ ತೊಂದರೆಯಿಲ್ಲ." ನಾವೆಲ್ಲ ಕಂಬದ ಕಡೆ ನೋಡಿದೆವು. ನೀಲಮ್ಮನವರು ತುಟಿ ಬಿಚ್ಚಲಿಲ್ಲ. ಯಾರೋ, "ಈಗ್ಲೇ ಮಾಡಿಬಿಡ್ರಿ" ಅಂದಾಗ ಮಾತ್ರ ಸಿಡಿದರು: "ಬಸವಣ್ಣಂಗೇ ನೊಗ ಹೂಡದ ಸೋಮಾರ, ನಾನು ಮಣ್ಣು ಅಗೀಲೇನು?"

ಮಂಗಳವಾರ ಬೆಳಗಾಗುತ್ತಲೇ ಕೊಂಬೆ ಬಾಗಿಸಿ ರುಬ್ಬುಗುಂಡು ಹೇರಿದ್ದರು. ಅದು ಬೇರು ಬಿಟ್ಟ ಮೇಲೂ ಕತ್ತಿ ಹಿಡಿದು ಹೋಗುವುದು, ಬರಿಗೈಲಿ ವಾಪಸು ಬರುವುದು, ಇದೇ ಆಯಿತು. "ತಾಯಿಗೆ ತೊಂದ್ರೆ ಇಲ್ವಂತೆ! ಅವಂಗೇನು ಗೊತ್ತು?" ಎಂದು ನನ್ನ ಮುಂದೆ ಅತ್ತುಬಿಟ್ಟರು. ಆದರೂ ಒಂದು ದಿನ ಅವರೇ ಕತ್ತರಿಸಿ, ಸಸಿಯನ್ನು ಹಳೆಯ ಮಡಕೆಯಲ್ಲಿಟ್ಟು, "ಜೊತಿಗೆ ಬಾರವ್ವ, ಒಬ್ಳಿಗೇ ಕಾಲು ಏಳಂಗಿಲ್ಲ" ಎಂದು ನನ್ನನ್ನೂ ಉಳವಿಯ ಬಸ್ಸು ಹತ್ತಿಸಿದರು.

ಬೀಗಿತ್ತಿ ಬಾಗಿಲಲ್ಲೇ ನಿಂತರು. ನೀಲಮ್ಮನವರು ಮಡಕೆಯನ್ನು ಮುಂದೆ ಚಾಚಿದರು.

"ಬೀಗರೆ, ನಾನು ಕುಂದ್ರಾಕೆ ಬಂದಿಲ್ಲ. ಇದು ಪಾರ್ವತಿ ಹಚ್ಚಿದ ಗಿಡದ ಮರಿ. ಮಗು ಮುಡೀಲಿ ಅಂತ ತಂದೆ."

ಬೀಗಿತ್ತಿ ಬಗ್ಗಿ ಸಸಿಯ ಎಲೆ ಮುಟ್ಟಿ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬಿಸಿಲಲ್ಲಿ ನಿಂತ್ರೆ ಸಸಿ ಬಾಡ್ತದೆ, ಒಳಗೆ ಬನ್ನಿ" ಅಂದರು. ಅವರ ಹಿಂದಿನಿಂದ ಪುಟ್ಟ ಹುಡುಗಿಯೊಂದು ಇಣುಕಿತು. ಥೇಟ್ ಪಾರ್ವತಿಯ ಕಣ್ಣಂತೆ. ನಾನು ಪಾರ್ವತಿಯನ್ನು ಕಂಡವಳಲ್ಲ, ಆದರೆ ನೀಲಮ್ಮನವರು ಆ ಕಣ್ಣು ನೋಡುತ್ತಲೇ "ಪಾರ್ವತೀ" ಎಂದು ಕರೆದುಬಿಟ್ಟರು.

ಅಂಗಳದಲ್ಲಿ ಅಜ್ಜಿ ಮೊಮ್ಮಗಳು ಸೇರಿ ಗುಣಿ ತೋಡಿದರು. "ನೋಡವ್ವ, ಬುಡದಲ್ಲಿ ನೀರು ನಿಲ್ಲದಂತೆ ಎಚ್ಚರ ವಹಿಸಿರಿ" ಎಂದು ನೀಲಮ್ಮನವರು ಅಪ್ಪಟ ರೇಡಿಯೋ ಭಾಷೆಯಲ್ಲಿ ಹೇಳಿಕೊಟ್ಟರು. ಇಷ್ಟು ದಿನ ಜಗಳವಾಡುತ್ತಲೇ ರೇಡಿಯೋದವನ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದರು ನೋಡಿ!

ಮರುವರ್ಷದ ಬೇಸಿಗೆಯಲ್ಲಿ ನೀಲಮ್ಮನವರು ಜ್ವರದಲ್ಲಿ ತೀರಿಕೊಂಡರು. ಉಳವಿಯಿಂದ ಬೀಗಿತ್ತಿ ಮಗುವನ್ನು ಕರೆದುಕೊಂಡು ಬಂದರು. ಬಾಳೆಎಲೆಯಲ್ಲಿ ಕಟ್ಟಿ ತಂದಿದ್ದ ಆ ಸಸಿಯ ಮಲ್ಲಿಗೆಯನ್ನು ಮಗು ತನ್ನ ಕೈಯಾರೆ, ಗೋಡೆಗೊರಗಿಸಿ ಕೂರಿಸಿದ್ದ ಅಜ್ಜಿಯ ಮಡಿಲಿಗೆ ಹಾಕಿತು.

ಮುಂದಿನ ಸೋಮವಾರ ಜಗಲಿ ಎಂದಿನಂತೆ ತುಂಬಿತ್ತು. ಕಂಬದ ಪಕ್ಕ ಯಾರೂ ಕೂರಲಿಲ್ಲ. ರೇಡಿಯೋದವರು ಸೋಪಿನ ನೀರಿನ ಮಾತು ತೆಗೆದರು. ಎಲ್ಲರೂ ಕಂಬದ ಕಡೆ ತಿರುಗಿದರು. ಮಾವನವರು ಎದ್ದು ಹೋಗಿ ರೇಡಿಯೋ ಆರಿಸಿದರು.

"ಎದುರು ಮಾತಾಡೋರೇ ಇಲ್ದಿದ್ರೆ," ಅಂದರು, "ಇವನ ಮಾತು ಕಿವಿಗೇ ಬೀಳವಲ್ದು."