ಸಂಶಯಕ್ಕೆ ಎರಡು ಇಂಗ್ಲಿಷು

ಇಂಗ್ಲಿಷಿನಲ್ಲಿ ತಪ್ಪು ಕಂಡರೆ ಸರೋಜಿನಿಗೆ ಕಾಲಿಗೆ ಮುಳ್ಳು ಹೊಕ್ಕ ಹಾಗೆ. ಕಾಸರಗೋಡಿನ ಸಾಕ್ಷಿಗಳ ಕನ್ನಡ ಹೇಳಿಕೆಗಳನ್ನು ಕೊಚ್ಚಿಯ ವಕೀಲರಿಗಾಗಿ ಇಂಗ್ಲಿಷಿಗೆ ಇಳಿಸುವುದು ಅವಳ ಕೆಲಸ. ‘ಅವನೇ ಕದ್ದನೆಂದು ಸಂಶಯ’ ಎಂದು ಯಾರೋ ಹೇಳಿದ್ದನ್ನು ಹೊಸಬ ಕೃಷ್ಣಕುಮಾರ್ ‘ಐ ಡೌಟ್ ದಟ್ ಹೀ ಸ್ಟೋಲ್ ಇಟ್’ ಎಂದು ಬರೆದಿಟ್ಟಾಗ ಅವಳು ಹಾಳೆಯನ್ನು ಅವನತ್ತಲೇ ತಳ್ಳಿದಳು.

“ಕಳ್ಳನನ್ನು ನೀನೇ ಬಿಟ್ಟಿಯಲ್ಲ ಮಾರಾಯಾ. ಡೌಟ್ ದಟ್ ಅಂದ್ರೆ ಇರ್ಲಿಕ್ಕಿಲ್ಲ ಅಂತ. ಸಸ್ಪೆಕ್ಟ್ ದಟ್ ಅಂದ್ರೆ ಉಂಟು ಅಂತ. ನಮ್ಮಲ್ಲಿ ಎರಡಕ್ಕೂ ಸಂಶಯವೇ.”

ಆಫೀಸಿಗೆಲ್ಲ ಪಾಠ ಹೇಳುವವಳ ಮನೆಯಲ್ಲಿ ಪಾಠ ನಡೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಒಬ್ಬಳೇ ಮಗಳು ಶ್ರಾವ್ಯ, ಅಮ್ಮನ ಕನ್ನಡಕ್ಕೆ ಮಲಯಾಳಂನಲ್ಲಿ ಉತ್ತರ ಕೊಡುತ್ತ ಬೆಳೆದವಳು. ಈಗ ತಿರುವನಂತಪುರದ ಕಳಕ್ಕೂಟಂನಲ್ಲಿ ಐಟಿ ಕೆಲಸ, ಹಾಸ್ಟೆಲಿನಲ್ಲಿ ವಾಸ. ಬಸ್ ಸ್ಟಾಪಿನಿಂದ ಒಬ್ಬ ಬೈಕಿನವನು ಅವಳ ಬೆನ್ನು ಹತ್ತಿದ್ದ. ಕೆಲವು ದಿನಗಳಿಂದ ಅವನ ಸುಳಿವಿಲ್ಲ ಎಂದು ಮಗಳು ಹೇಳಿದ್ದರೂ ಸರೋಜಿನಿ ನಂಬಿ ಕೂರಲಿಲ್ಲ. ಪ್ರತಿ ಸಂಜೆ ಮೆಸೇಜು ಹಾಕಿ ವಿಚಾರಿಸುತ್ತಿದ್ದಳು.

ಆ ಸಂಜೆಯೂ ವಿಚಾರಿಸಿದಳು. ಉತ್ತರ ಬಂತು: ‘ಐ ಡೌಟ್ ಹೀ ಈಸ್ ಫಾಲೋಯಿಂಗ್ ಮಿ.’

ಇರಲಿಕ್ಕಿಲ್ಲ. ಸರೋಜಿನಿಗೆ ಉಸಿರು ಬಂದಂತಾಯಿತು. ಮಗಳು ವಾಕ್ಯ ಸರಿಯಾಗಿ ಬರೆದಳೆಂದು ಒಳಗೊಳಗೇ ಹಿಗ್ಗಿದಳು ಕೂಡ, ಪಾಪದವಳು. ಒಂದು ಫೋನು ಮಾಡಿದ್ದರೆ ಸಾಕಿತ್ತು. ಅದನ್ನು ಮಾಡದೆ ಸಾರಿಗೆ ತೆಂಗಿನಕಾಯಿ ತುರಿಯಲು ಕುಳಿತಳು.

ಕಾಯಿ ತುರಿದು ಏಳುವಷ್ಟರಲ್ಲಿ ಫೋನು ಬಂತು. ಶ್ರಾವ್ಯಳ ರೂಮಿನ ಗ್ರೇಸಿ, ಏದುಸಿರು ಬಿಡುತ್ತ ಮಲಯಾಳಂನಲ್ಲಿ ಹೇಳಿದಳು: ಶ್ರಾವ್ಯ ಹಾಸ್ಟೆಲಿಗೆ ಬಂದಿಲ್ಲ, ಅವಳ ಫೋನು ಸ್ವಿಚ್ ಆಫ್ ಆಗಿದೆ, ಮೆಸೇಜು ನೋಡಿದ ಕೂಡಲೇ ತಾನು ಬಸ್ ಸ್ಟಾಪಿಗೆ ಓಡಿದೆ, ಅಲ್ಲಿ ಅವಳ ಒಂದು ಚಪ್ಪಲಿ ಮಾತ್ರ ಸಿಕ್ಕಿತು, ಈಗ ಪೊಲೀಸ್ ಸ್ಟೇಷನ್ನಿನಲ್ಲಿದ್ದೇನೆ.

ಯಾವ ಮೆಸೇಜು ಎಂದು ಸರೋಜಿನಿ ಕೇಳಿದಳು. ಶ್ರಾವ್ಯ ತನಗೆ ಕಳಿಸಿದ್ದನ್ನು ಗ್ರೇಸಿ ಓದಿದಳು. ಅಕ್ಷರ ಅಕ್ಷರವೂ ಅದೇ.

ಅದನ್ನು ಓದಿ ನಿನಗೆ ಏನನ್ನಿಸಿತು ಮಗಳೇ, ಎಂದು ಸರೋಜಿನಿ ಹೇಗೋ ಕೇಳಿದಳು.

ಗ್ರೇಸಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ.

“ಅವನು ಹಿಂದೆ ಬರ್ತಾ ಇದ್ದಾನೆ ಅಂತ. ಮತ್ತೇನು ಆಂಟಿ?”