ಬೈಗುಳವನ್ನು ಅಕ್ಷರ ಬಿಡದೆ ದಾಟಿಸಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿ ಕಡೆಯ ಒಂದು ಸಣ್ಣ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಇಡೀ ಊರಿಗೆ ಮೂವತ್ತೋ ನಲವತ್ತೋ ಫೋನು. ಯಾರು ಯಾರ ಜೊತೆ ಮಾತಾಡಬೇಕಾದರೂ ನಾನೇ ಬೋರ್ಡಿನ ತೂತಿಗೆ ವಯರು ಚುಚ್ಚಿ ಸೇರಿಸಬೇಕು. ಸೇರಿಸಿದ ಮೇಲೆ ಲೈನಿನಿಂದ ಹೊರಗೆ ಬರಬೇಕೆಂಬುದು ನಿಯಮ. ನಾನು ಬರುತ್ತಿರಲಿಲ್ಲ. ಊರಲ್ಲಿ ಟಾಕೀಸು ಬೇರೆ ಇರಲಿಲ್ಲ.

ಈ ಪ್ರಸಂಗ ನಡೆದ ತಿಂಗಳಷ್ಟೇ ನಮಗೆ ಹೊಸ ಸೂಪರ್‌ವೈಸರ್ ಬಂದಿದ್ದರು. ನಲವತ್ತು ದಾಟಿದ ಹೆಂಗಸು. ಕಸ ಗುಡಿಸುವಾಕೆಯನ್ನೂ “ಬರ್ರಿ, ಕೂತ್ಕಳ್ರಿ” ಎನ್ನುವವರು. ಗಡಿಯಾರಕ್ಕಿಂತ ಐದು ನಿಮಿಷ ಮೊದಲೇ ಬಾಗಿಲಲ್ಲಿರುತ್ತಿದ್ದರು.

ಒಂದು ಮಧ್ಯಾಹ್ನ ಅಡಿಕೆ ಮಂಡಿಯ ಸಾಹುಕಾರರು ಜಗಳೂರಿನ ಭಾವನಿಗೆ ಟ್ರಂಕ್ ಕಾಲ್ ಮಾಡಿ ಮಗಳಿಗೆ ನೋಡಿದ ಗಂಡಿನ ವಿಷಯ ಹೇಳುತ್ತಿದ್ದರು.

“ನ್ಯಾಮತಿ ಹುಡುಗ ಭಾವ, ಬಂಗಾರದಂಥೋನು. ಒಂದು ಚಟ ಇಲ್ಲ.”

ಊರು, ಹೆಸರು ಕೇಳುತ್ತಲೇ ನನಗೆ ಗೊತ್ತಾಯಿತು. ಅವನು ಹೊನ್ನಾಳಿಯಲ್ಲಿ ನನ್ನ ಜೊತೆ ಓದಿದವನು. ಹೊಳೆದಂಡೆಯಲ್ಲಿ ಇಸ್ಪೀಟಿಗೆ ಕೂತರೆ ಪರೀಕ್ಷೆಗೂ ಏಳುತ್ತಿರಲಿಲ್ಲ.

“ಬ್ಯಾಡ ರೀ, ಅವನು ಇಸ್ಪೀಟು ಆಡ್ತಾನೆ!” ಎಂದುಬಿಟ್ಟೆ.

ಸಾಹುಕಾರರ ದನಿ ಏರಿತು: “ಯಾರ್ರೀ ಅದು?”

“ಎಕ್ಸ್‌ಚೇಂಜ್ ರೀ.”

ಹತ್ತು ನಿಮಿಷದಲ್ಲಿ ಸಾಹುಕಾರರು ನಮ್ಮ ಕಚೇರಿಯಲ್ಲಿದ್ದರು. ಸೂಪರ್‌ವೈಸರ್ ಮೇಡಂ ಎದ್ದು ನಿಂತು, ಪೂರ್ತಿ ಕೇಳಿಸಿಕೊಂಡು, “ತಪ್ಪು ನಮ್ಮ ಕಚೇರೀದು ರೀ. ಕಚೇರಿ ಅಂದ್ರೆ ನಾನು. ಕ್ಷಮಿಸ್ರಿ” ಎಂದರು. ನಾನೂ ಕೈಮುಗಿದೆ. ಸಾಹುಕಾರರು ಸ್ವಲ್ಪ ತಣ್ಣಗಾಗಿ, ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು: “ಅದಿರ್ಲಿ, ನಿಜವಾಗ್ಲೂ ಆಡ್ತಾನೇನಪ್ಪ?”

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ, “ಅದನ್ನ ಹೇಳಾಕೆ ನಮಗೆ ಸರ್ಕಾರ ಸಂಬಳ ಕೊಡಲ್ಲ ರೀ” ಎಂದರು.

ಸಾಹುಕಾರರ ಸಿಟ್ಟು ಮತ್ತೆ ನೆತ್ತಿಗೇರಿತು. “ಶಿವಮೊಗ್ಗದ ನಿಮ್ಮ ಸಾಹೇಬ್ರಿಗೆ ಹೇಳಿ ಇಬ್ರನ್ನೂ ಮನೆಗೆ ಕಳಿಸ್ತೀನಿ!” ಎಂದು ಹೊರಟುಹೋದರು. ಮನೆಯಿಂದ ಆ ಕಾಲ್ ಬುಕ್ ಮಾಡಿದರು. ನನ್ನ ಹತ್ತಿರವೇ.

“ಮೇಡಂ, ಲೈನ್ ಕೆಟ್ಟೈತೆ ಅಂದುಬಿಡ್ಲಾ?”

“ಕೆಟ್ಟೈತಾ?”

“ಇಲ್ಲ.”

“ಮತ್ತೆ?”

ಲೈನು ಸಿಕ್ಕಿತು, ಆದರೆ ಕ್ಷೀಣವಾಗಿ. ನಡುವೆ ಕೂತ ನನಗೆ ಇಬ್ಬರೂ ಕೇಳಿಸುತ್ತಿದ್ದರು, ಸಾಹೇಬರಿಗೆ ಸಾಹುಕಾರರ ಮಾತು ಕೇಳಿಸುತ್ತಿರಲಿಲ್ಲ. ಹಾಗಾದಾಗ ಆಪರೇಟರೇ ಇವರ ಮಾತನ್ನು ಅವರಿಗೆ ದಾಟಿಸಬೇಕು. ನಾನು ಮೇಡಂ ಮುಖ ನೋಡಿದೆ.

“ಹೇಳ್ರಿ. ಒಂದಕ್ಷರ ಬಿಡಬ್ಯಾಡ್ರಿ, ಒಂದಕ್ಷರ ಸೇರಿಸಬ್ಯಾಡ್ರಿ.”

“ಸಾರ್, ಇಲ್ಲಿಯ ಆಪರೇಟರಿಗೆ ಮಾನ ಮರ್ಯಾದೆ ಇಲ್ಲ ಅಂತಾರೆ. ಕತ್ತೆ ಅಂತಾರೆ ಸಾರ್.”

ಸಾಹುಕಾರರು ಕಿರುಚಿದರು: “ಬರೀ ಕತ್ತೆ ಅಲ್ಲ, ಅಡ್ಡಕಸಬಿ ಕತ್ತೆ!”

“ತಿದ್ದುಪಡಿ ಸಾರ್. ಅಡ್ಡಕಸಬಿ ಕತ್ತೆ.”

“ಯಾರ್ರೀ ಆ ಆಪರೇಟರ್?” ಎಂದರು ಸಾಹೇಬರು.

“ನಾನೇ ಸಾರ್.”

ಅತ್ತ ಸಾಹೇಬರು ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ನಿಯಮ ಎದುರಾಯಿತು: ಟ್ರಂಕ್ ಕಾಲಿಗೆ ಪ್ರತಿ ಮೂರು ನಿಮಿಷಕ್ಕೂ ಬೇರೆ ದುಡ್ಡು, ಕೇಳಿಯೇ ಮುಂದುವರಿಸಬೇಕು. “ಮೂರು ನಿಮಿಷ ಆಯ್ತು ರೀ, ಮುಂದುವರಿಸ್ತೀರಾ?” ಎಂದು ಸಾಹುಕಾರರನ್ನು ಕೇಳಿದೆ.

“ಮುಂದುವರಿಸು!” ಎಂದರು. ಇನ್ನೂ ಮೂರು ನಿಮಿಷ ನನ್ನನ್ನು ನಾನೇ ಬೈದುಕೊಂಡೆ. ಮೇಡಂ ಪಕ್ಕದಲ್ಲೇ ನಿಂತಿದ್ದರು, ಕದಲಲಿಲ್ಲ.

ವಾರದಲ್ಲಿ ವಿವರಣೆ ಕೇಳಿ ಪತ್ರ ಬಂತು. ಮೇಡಂ ಉತ್ತರ ಬರೆದು ನನಗೆ ಓದಲು ಕೊಟ್ಟರು. ಮೊದಲ ಪುಟದಲ್ಲಿ, ಬಂದ ಕೂಡಲೇ ಸಿಬ್ಬಂದಿಗೆ ಕೆಲಸದ ಶಿಸ್ತು ಕಲಿಸದಿದ್ದುದು ತಮ್ಮ ಲೋಪ ಎಂದಿತ್ತು. ನನ್ನ ಕಣ್ಣು ತುಂಬಿತು.

“ನನ್ನ ತಪ್ಪನ್ನೂ ಬರೀರಿ ಮೇಡಂ.”

“ಬರ್ದೀನಲ್ಲ. ಹಾಳೆ ತಿರುವ್ರಿ.”

ಹಾಳೆಯ ಹಿಂಬದಿ ಭರ್ತಿ ನಾನೇ ಇದ್ದೆ.

ಇಬ್ಬರಿಗೂ ಎಚ್ಚರಿಕೆ ಪತ್ರ ಬಂತು. ಮೇಡಂ ತಮ್ಮದನ್ನು ಮಡಚಿ ಫೈಲಿಗೆ ಸೇರಿಸಿ, “ಬರ್ರಿ, ಈಗ ಕೆಲಸ ಕಲಿಯಾಣ” ಎಂದು ಬೋರ್ಡಿನ ಮುಂದೆ ಕುರ್ಚಿ ಎಳೆದುಕೊಂಡರು. ಆ ಮಳೆಗಾಲವೆಲ್ಲ ಕಲಿಸಿದರು.

ಎಂಬತ್ತರ ದಶಕದಲ್ಲಿ ನಾನೇ ಸೂಪರ್‌ವೈಸರ್ ಆದೆ. ಕೈಕೆಳಗಿನವರೊಬ್ಬರು ಮಾಡಿದ ಎಡವಟ್ಟಿಗೆ ‘ಲೋಪ ನನ್ನದು’ ಎಂದು ಬರೆಯಲು ಕೂತಾಗ ನನಗೆ ಮೂರು ಹಾಳೆ ಹರಿಯಬೇಕಾಯಿತು.