ನಿಮ್ಮ ತಮ್ಮನ ಪ್ರತಿಭೆ ಏನಮ್ಮಾ?

ನನ್ನ ತಮ್ಮನಿಗೆ ಇಪ್ಪತ್ತಾರು ವರ್ಷ. ದಟ್ಟ ಮೀಸೆ, ನನಗಿಂತ ಒಂದಡಿ ಎತ್ತರ. ಮಾತು ಬಾರದು. ಹಲ್ಲುಜ್ಜುವುದರಿಂದ ಹಿಡಿದು ಬಟ್ಟೆ ಹಾಕುವವರೆಗೆ ಅವನ ಕೆಲಸವೆಲ್ಲ ಅಮ್ಮನದು, ಇಲ್ಲವೇ ನನ್ನದು. ಡಾಕ್ಟರು ಇದಕ್ಕೆ ತೀವ್ರ ಆಟಿಸಂ ಅಂದರು. ಉರಿಗಾಂನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಆ ಪದ ಕೇಳಿ, "ಓಗ್ಲಿ ಬಿಡಮ್ಮ, ಆಟೋ ಓಡಿಸ್ಕೊಂಡಾದ್ರೂ ಬದುಕ್ತಾನೆ" ಎಂದು ಸಮಾಧಾನ ಹೇಳಿದ್ದರು.

ಹೀಗಾಗಿ ಬಂಗಾರಪೇಟೆಯ ಶಾಲೆಯೊಂದರಲ್ಲಿ ಆಟಿಸಂ ಬಗ್ಗೆ ಜನರಿಗೆ ತಿಳಿಸುವ ಸಭೆ ಇದೆ, ಹತ್ತು ನಿಮಿಷ ಮಾತಾಡಿ ಎಂದು ಕರೆದಾಗ ಖುಷಿಯಿಂದ ಒಪ್ಪಿಕೊಂಡೆ. ಎರಡು ದಿನ ಕೂತು ಭಾಷಣ ಬರೆದೆ. ಸಭೆಯ ದಿನವೇ ಅಮ್ಮನಿಗೆ ಜ್ವರ. ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅವನ ಕೈ ಹಿಡಿದುಕೊಂಡೇ ರೈಲು ಹತ್ತಿದೆ.

ನನಗಿಂತ ಮೊದಲು ಮುಖ್ಯ ಅತಿಥಿಗಳು ಮಾತಾಡಿದರು. ಬಿಳಿ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ, ಗಂಟಲು ಮಾತ್ರ ಭರ್ಜರಿ.

"ಇಂಥವರಲ್ಲಿ ಒಂದೊಂದು ಅದ್ಭುತ ಪ್ರತಿಭೆ ಅಡಗಿರುತ್ತೆ! ಒಬ್ಬ ಲೆಕ್ಕದಲ್ಲಿ ನಿಸ್ಸೀಮ, ಇನ್ನೊಬ್ಬ ಸಂಗೀತದಲ್ಲಿ!" ಎಂದವರು ಮುಂದಿನ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿದರು. "ನಿಮ್ಮ ತಮ್ಮನ ಪ್ರತಿಭೆ ಏನಮ್ಮಾ?"

ಸಭೆಯೆಲ್ಲ ನಮ್ಮನ್ನೇ ನೋಡಿತು. "ಅಂಥದ್ದೇನೂ ಇಲ್ಲ ಸಾರ್" ಅಂದೆ.

"ಇದ್ದೇ ಇರುತ್ತಮ್ಮಾ! ನೀವು ಗಮನಿಸಿಲ್ಲ ಅಷ್ಟೆ."

ಇಪ್ಪತ್ತಾರು ವರ್ಷದಿಂದ ಅವನನ್ನು ಗಮನಿಸುವುದು ಬಿಟ್ಟು ನಾವು ಬೇರೇನೂ ಮಾಡಿಲ್ಲ ಎಂದು ನಾನು ಹೇಳುವಷ್ಟರಲ್ಲಿ ತಮ್ಮ ಎದ್ದು ವೇದಿಕೆ ಏರಿದ್ದ. ಹಾಡುತ್ತಾನೆ ಅಂದುಕೊಂಡರೋ ಏನೋ, ಜನ ಚಪ್ಪಾಳೆ ತಟ್ಟಿದರು. ಅವನು ನೆಟ್ಟಗೆ ಅತಿಥಿಗಳ ಬಳಿ ಹೋಗಿ, ಎರಡೂ ಕೈಯಲ್ಲಿ ಅವರ ತಲೆ ಹಿಡಿದು, ಕೊಬ್ಬರಿ ಎಣ್ಣೆಯ ಕೂದಲನ್ನು ಉಸಿರು ತುಂಬಾ ಮೂಸಿದ.

"ಭಯ ಬೇಡ ಸಾರ್! ಇಷ್ಟ ಆದೋರನ್ನ ಮಾತ್ರ ಮೂಸೋದು!" ಎನ್ನುತ್ತ ಓಡಿದೆ.

"ಎಷ್ಟೊತ್ತು ಮೂಸ್ತಾನಮ್ಮಾ?" ಅಲುಗಾಡದೆ ಪಿಸುಗುಟ್ಟಿದರು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಸಭೆ ಗೊಳ್ಳೆಂದಿತು.

ಅಷ್ಟರಲ್ಲಿ ಮೈಕು ಕೀರ್ ಎಂದು ಕಿರುಚಿತು. ಆ ಸದ್ದನ್ನು ತಮ್ಮ ತಡೆಯಲಾರ. ಕಿವಿ ಮುಚ್ಚಿ ಚೀರಿದ. ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತ ನೆಲಕ್ಕೆ ಕುಸಿದ. ನಗು ನಿಂತುಹೋಯಿತು. ಮೈಕು ಆಫ್ ಮಾಡಿಸಿ, ನಾನೂ ಪಕ್ಕದಲ್ಲಿ ಕೂತು ಅವನ ಬೆನ್ನನ್ನು ಗಟ್ಟಿಯಾಗಿ ಒತ್ತಿ ಹಿಡಿದೆ.

ಬರೆದ ಭಾಷಣ ಕುರ್ಚಿಯ ಮೇಲೇ ಉಳಿದಿತ್ತು. ಕೂತಲ್ಲಿಂದಲೇ ಮಾತಾಡಿದೆ. ಇದು ಹುಚ್ಚಲ್ಲ, ಅವನಿಗೆ ಸದ್ದು ನೋಯುತ್ತದೆ ಅಂದೆ. ಹೀಗಾದಾಗ ಬೈಯಬೇಡಿ, ನೀರು ಎರಚಬೇಡಿ, ಸ್ವಲ್ಪ ಜಾಗ ಬಿಡಿ. ಇವನಿಗೆ ಲೆಕ್ಕ ಬರಲ್ಲ, ಹಾಡು ಬರಲ್ಲ. ಆದರೂ ರೈಲಿನಲ್ಲಿ ಒಂದು ಸೀಟು ಬೇಕು, ಅಮ್ಮನೂ ನಾನೂ ಹೋದಮೇಲೆ ಅನ್ನ ಕಲಸಿ ಕೊಡುವವರು ಬೇಕು. ಸರಿಯಾಗಿ ಕೇಳಿಸದೆ ಜನ ಎದ್ದು ಹತ್ತಿರ ಬಂದರು. ಅತಿಥಿಗಳೂ ಪಂಚೆ ಮಡಚಿ ನೆಲಕ್ಕೆ ಕೂತರು. ಅವನು ತಣ್ಣಗಾದ ಮೇಲೆ, "ಬೇಕಾದ್ರೆ ಇನ್ನೊಂದ್ಸಲ ಮೂಸಪ್ಪಾ" ಎಂದು ತಲೆ ಬಾಗಿಸಿದರು. ಅವನೋ ಮುಖ ತಿರುಗಿಸಿದ.

ಗೇಟಿನ ಹತ್ತಿರ ಬೂದಿಕೋಟೆಯ ಹೆಂಗಸೊಬ್ಬರು ನನ್ನನ್ನು ನಿಲ್ಲಿಸಿದರು. "ನಮ್ಮುಡ್ಗೀನೂ ಇಂಗೇ ಕಣಮ್ಮ. ಜನ ನಗ್ತಾರೆ ಅಂತ ಎಲ್ಲೂ ಕರ್ಕೊಂಡೋಗಲ್ಲ. ಇವನ ಉಗುರು ಎಂಗ್ ಕತ್ತರಿಸ್ತೀಯ?"

"ನಿದ್ದೆ ಮಾಡ್ತಿರೋವಾಗ ಅಕ್ಕಾ. ದಿನಕ್ಕೆ ಎರಡೇ ಬೆರಳು."

"ಅಯ್ಯೋ, ನಾನೂ ಅಂಗೇ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಕಣ್ಣಲ್ಲಿ ನೀರಿತ್ತು.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಆ ಹುಡುಗಿ ಒಂದು ಮೂಲೆಯಲ್ಲಿ ಸ್ಟೀಲ್ ತಟ್ಟೆ ತಿರುಗಿಸುತ್ತ ಕೂತಳು, ತಮ್ಮ ಇನ್ನೊಂದು ಮೂಲೆಯಲ್ಲಿ ದಾರ ಅಲ್ಲಾಡಿಸುತ್ತ ಕೂತ. ಒಬ್ಬರನ್ನೊಬ್ಬರು ನೋಡಲೂ ಇಲ್ಲ, ಚೀರಲೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಇಬ್ಬರು ತಾಯಂದಿರು ಕಾಫಿಯನ್ನು ಬಿಸಿಯಿರುವಾಗಲೇ ಕುಡಿದರು.